ಅಡಿಕೆ ಚೀಲದ ಹುಡುಗ, ಬೈಕ್ ಹುಡುಗ

ನಮಸ್ಕಾರ. ದೀಪಾವಳಿ ಕಳೆದು ಅಡಿಕೆ ಕೊಯ್ಲು ಜೋರಾದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಥರದ ವಿಡಿಯೊ ಓಡಾಡುತ್ತದೆ. ಅಡಿಕೆ ಚಪ್ಪರದ ಪಕ್ಕ, ಅಡಿಕೆ ಕದ್ದ ಅಂತ ಹಿಡಿದ ಒಬ್ಬ ಹುಡುಗ ಕೂತಿರುತ್ತಾನೆ. ಮುಂದೆ ಅರ್ಧ ತುಂಬಿದ ಗೋಣಿಚೀಲ. ಯಾರೋ ಅವನ ಗಲ್ಲ ಹಿಡಿದು ಮುಖವನ್ನು ಕ್ಯಾಮೆರಾ ಕಡೆ ತಿರುಗಿಸುತ್ತಾರೆ. ಕೆಳಗೆ 'ಎಲ್ಲ ಗ್ರೂಪಿಗೂ ಕಳಿಸಿ' ಅಂತ ಬರೆದಿರುತ್ತದೆ.

ಅಡಿಕೆ ಕಳೆದುಕೊಂಡವರ ಸಿಟ್ಟು ಸುಮ್ನೆ ಬಂದದ್ದಲ್ಲ. ವರ್ಷದ ದುಡಿಮೆ ಅಂಗಳದಲ್ಲಿ ಒಣಗುತ್ತಿರುತ್ತದೆ, ರಾತ್ರಿಯಿಡೀ ಕಾಯುತ್ತಾ ಕೂರೋಕೆ ಆಗಲ್ಲ. ದೂರು ಕೊಡಲೇಬೇಕು. ಆದರೆ ಆ ವಿಡಿಯೊ?

2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನೋಡಿ. 18 ತುಂಬದವರ ಮೇಲೆ ಆರೋಪ ಬಂದರೆ ಅವರ ಹೆಸರು, ವಿಳಾಸ, ಶಾಲೆ, ಗುರುತು ಸಿಗೋ ಯಾವುದನ್ನೂ ಹೊರಗೆ ಹಾಕುವಂತಿಲ್ಲ. ಹಾಕಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಕದ್ದವನ ಜೊತೆ ಫಾರ್ವರ್ಡ್ ಮಾಡಿದ ಯಜಮಾನರೂ ಸಿಕ್ಕಿಬಿದ್ದ ಹಾಗೆ!

ಹುಡುಗನನ್ನು ಲಾಕಪ್ಪಿಗೂ ಹಾಕುವಂತಿಲ್ಲ. 24 ಗಂಟೆಯೊಳಗೆ ಇಂಥ ಮಕ್ಕಳ ಕೇಸು ನೋಡುವ ಬಾಲನ್ಯಾಯ ಮಂಡಳಿ ಮುಂದೆ ನಿಲ್ಲಿಸಬೇಕು. ಇಂಥ ಕಳ್ಳತನದಲ್ಲಿ ದೊಡ್ಡವರು ಜೊತೆಗಿಲ್ಲದಿದ್ದರೆ ಎಫ್‌ಐಆರ್ ಕೂಡ ಆಗಬಾರದು. ಠಾಣೆ ಡೈರಿಯಲ್ಲಿ ಬರೆದು, ಅವನ ಮನೆ ಪರಿಸ್ಥಿತಿ ಹೇಗಿದೆ ಅಂತ ಮಂಡಳಿಗೆ ವರದಿ ಕಳಿಸಬೇಕು. ಹಾಗಾಗಿ ರಾಜ್ಯದಲ್ಲಿ ಬಾಲಾಪರಾಧ ಏರಿತು, ಇಳಿಯಿತು ಅಂತ ಟಿವಿಯವರು ಕೂಗುವಾಗ ಸ್ವಲ್ಪ ತಡೆದು ಕೇಳಿ. ಆ ಲೆಕ್ಕ ದಾಖಲಾದ ಕೇಸುಗಳದ್ದು. ಊರಲ್ಲಿ ನಡೆದದ್ದೆಲ್ಲ ಅದರಲ್ಲಿರಲ್ಲ.

ಘೋರ ಅಪರಾಧದಲ್ಲಿ ದೊಡ್ಡವರಂತೆ ವಿಚಾರಣೆ ಎದುರಿಸಿದವರನ್ನು ಬಿಟ್ಟರೆ, ಉಳಿದ ಮಕ್ಕಳ ದಾಖಲೆಯನ್ನು ಕೊನೆಗೆ ನಾಶ ಮಾಡಬೇಕು ಅನ್ನುತ್ತದೆ ಕಾನೂನು. ನಾಳೆ ಕೆಲಸಕ್ಕೆ ಹೋದಾಗ ಅದು ಅಡ್ಡ ಬರಬಾರದಲ್ಲ! ಸರ್ಕಾರಿ ಫೈಲು ಹೋಗುತ್ತದೆ. ಪಕ್ಕದ ಮನೆ ಮಾವನ ಫೋನಲ್ಲಿ ವಿಡಿಯೊ ಉಳಿಯುತ್ತದೆ.

ಅದೇ ವಯಸ್ಸಿನ ಇನ್ನೊಬ್ಬ ಹುಡುಗ ಶಿವಮೊಗ್ಗ ಪೇಟೆಯಲ್ಲಿ ಅಪ್ಪನ ಬೈಕ್ ಓಡಿಸಿ ಸಿಕ್ಕಿಬೀಳುತ್ತಾನೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಅಪ್ಪನಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲೂ ಆಗಬಹುದು. ಯಾರದೋ ಜೀವ ತೆಗೆಯಬಹುದಾದ ತಪ್ಪು ಅದು. ಆದರೂ ಅವನ ಗಲ್ಲ ಹಿಡಿದು ವಿಡಿಯೊ ಮಾಡಿದವರನ್ನು ನಾನಂತೂ ನೋಡಿಲ್ಲ. 'ಹುಡುಗ ಬುದ್ಧಿ, ಬಿಡಿ' ಅಂತೀವಿ. ಚೀಲದ ಹುಡುಗನಿಗೆ ಆ ಮಾತು ಯಾಕಿಲ್ಲ? ಅವನ ಅಪ್ಪ ನಮ್ಮದೇ ತೋಟಕ್ಕೆ ಕೂಲಿಗೆ ಬರೋರು, ಎದುರು ಮಾತಾಡಲ್ಲ ಅಂತ ಅಲ್ವಾ?

ಈ ಸಲ ಯಾರಾದರೂ ಸಿಕ್ಕರೆ ಠಾಣೆಗೆ ಫೋನ್ ಮಾಡಿ. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಅಂತ ಕೇಳಿ, ಪ್ರತಿ ಠಾಣೆಯಲ್ಲೂ ಒಬ್ಬರು ಇರಲೇಬೇಕು. ವಿಡಿಯೊ ಆಗಲೇ ಬಂದಿದೆಯಾ? ಅಡ್ಮಿನ್‌ಗಳೇ, ಇವತ್ತೇ ಡಿಲೀಟ್ ಮಾಡಿ.