ಥೀಸಿಸ್‌ಗೆ ಸಹಿ ಸಿಕ್ಕಿತು, ಸಂಶೋಧನೆ ಕಲಿಸುವವರು ಯಾರು?

[ದೃಶ್ಯ: ಕಲಬುರಗಿ, ಒಪಿಡಿ ಮುಂದಿನ ಬೆಳಗಿನ ಸಾಲು]

ನಮಸ್ಕಾರ. ಎಂಡಿ, ಎಂಎಸ್ ಓದುವ ವೈದ್ಯರು ಥೀಸಿಸ್ ಬರೆಯಲೇಬೇಕು. ನಾನೂ ಬರೆದೆ. ನನ್ನ ಗೈಡ್ ರೋಗಿಗಳ ಪಾಲಿಗೆ ದೇವರಂಥವರು. ಆದರೆ ಒಪಿಡಿ, ವಾರ್ಡ್ ರೌಂಡ್ಸ್, ಪಾಠಗಳ ನಡುವೆ ನನ್ನ ಸಿನಾಪ್ಸಿಸ್, ಅಂದರೆ ಥೀಸಿಸ್‌ನ ಯೋಜನೆ ಬರೆದ ಕರಡು, ಹಿಡಿದು ಕೂರಲು ಅವರಿಗೆ ಅರ್ಧ ಗಂಟೆಯೂ ಸಿಗಲಿಲ್ಲ. ಕೊನೆಯ ದಿನ ಸಹಿಯಾಯಿತು. ಪ್ರಶ್ನೆ ಸರಿಯಿದೆಯೇ ಎಂದು ಯಾರೂ ಕೇಳಲಿಲ್ಲ. ಕೇಳಬೇಕೆಂಬುದು ನನಗೂ ಗೊತ್ತಿರಲಿಲ್ಲ.

ಮೆಂಟರ್ ಜೊತೆಗಿನ ತರಬೇತಿ ತುಂಬುವುದು ಈ ಕೊರತೆಯನ್ನೇ. ರೋಗಿಗಳ ನಡುವೆ ನಡೆಯುವ ಕ್ಲಿನಿಕಲ್ ಸಂಶೋಧನೆಯಿರಲಿ, ಪ್ರಯೋಗಾಲಯದಲ್ಲಿ ಕಂಡದ್ದನ್ನು ರೋಗಿಯ ಹಾಸಿಗೆಯ ಬಳಿಗೆ, ಅಲ್ಲಿಂದ ಹಳ್ಳಿಯ ಆರೋಗ್ಯ ಕೇಂದ್ರದವರೆಗೆ ಮುಟ್ಟಿಸುವ ಟ್ರಾನ್ಸ್‌ಲೇಶನಲ್ ಸಂಶೋಧನೆಯಿರಲಿ, ಬಲ್ಲವರ ಪಕ್ಕದಲ್ಲಿ ಕುಳಿತು, ತಪ್ಪಿ, ತಿದ್ದಿಸಿಕೊಂಡೇ ಕಲಿಯಬೇಕು.

[ದೃಶ್ಯ: ಮೇಜಿನ ಮೇಲೆ ಕೆಂಪು ಶಾಯಿಯ ಗುರುತುಗಳಿರುವ ಸಿನಾಪ್ಸಿಸ್]

ಯಾದಗಿರಿ ಕಡೆಯ ಪಿಜಿ ವಿದ್ಯಾರ್ಥಿನಿಯೊಬ್ಬರು ಇತ್ತೀಚೆಗೆ ನನ್ನ ಬಳಿ ತಂದ ಶೀರ್ಷಿಕೆ ‘ಗರ್ಭಿಣಿಯರಲ್ಲಿ ರಕ್ತಹೀನತೆ’. ಮಾತ್ರೆಯ ಕಬ್ಬಿಣಾಂಶ ಹೆಚ್ಚು ಫಲ ಕೊಡುತ್ತದೋ, ರಕ್ತನಾಳದ ಮೂಲಕ ಕೊಡುವುದೋ ಎಂದು ಹೋಲಿಸುವ ಯೋಚನೆ. ಎಷ್ಟನೇ ತಿಂಗಳಲ್ಲಿ ಸೇರಿಸಿಕೊಳ್ಳುತ್ತೀರಿ, ಹಿಮೋಗ್ಲೋಬಿನ್ ಅಳೆಯುವುದು ಬೆರಳ ತುದಿಯ ರಕ್ತದಲ್ಲೋ ರಕ್ತನಾಳದಿಂದ ತೆಗೆದ ರಕ್ತದಲ್ಲೋ ಎಂದು ಕೇಳುತ್ತಾ ಹೋದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋದವರನ್ನು, ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋದವರನ್ನು ಮತ್ತೆ ಹೇಗೆ ಹುಡುಕುತ್ತೀರಿ ಎಂದಾಗ ಅವರು ಪೆನ್ನು ಕೆಳಗಿಟ್ಟರು. ನಮ್ಮ ಭಾಗದಲ್ಲಿ ಅಧ್ಯಯನ ಸೋರುವುದು ಇಲ್ಲೇ.

ಯಾರಿಗೆ ಯಾವ ಚಿಕಿತ್ಸೆ ಎಂಬುದರ ಬಗ್ಗೆ ಒಪ್ಪಿಗೆ ಪತ್ರದಲ್ಲಿ ‘ಯಾದೃಚ್ಛಿಕ ಹಂಚಿಕೆ’ ಎಂದಿತ್ತು. ಅದನ್ನು ವಾರ್ಡಿನ ತಾಯಿಯೊಬ್ಬರಿಗೆ ಓದಿ ಹೇಳಿದೆವು. ‘ಚೀಟಿ ಎತ್ತಿದಂಗ ಅಂತ ಹೇಳ್ರಿ ಡಾಕ್ಟ್ರೆ, ತಿಳೀತದ’ ಎಂದರು. ಪತ್ರದಲ್ಲೂ ಅದೇ ಪದ ಬಂತು. ಓದು ಬಾರದವರ ಒಪ್ಪಿಗೆ ಪಡೆಯುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಎದುರಿಗಿರಬೇಕು ಎಂಬ ನಿಯಮದ ಅರ್ಥವೂ ವಿದ್ಯಾರ್ಥಿನಿಗೆ ಅಂದೇ ಮನದಟ್ಟಾಯಿತು.

ಇದಕ್ಕೆಲ್ಲ ಬೇಕಾದದ್ದು ಸಮಯ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್ ಕೊಡುವ ಕೆ23 ಅನುದಾನದಲ್ಲಿ ಯುವ ವೈದ್ಯರ ಕೆಲಸದ ಹೊತ್ತಿನ ಸಾಮಾನ್ಯವಾಗಿ ಶೇ. 75ರಷ್ಟು ಭಾಗ, 3ರಿಂದ 5 ವರ್ಷಗಳವರೆಗೆ, ಸಂಶೋಧನೆಗೆ ಮೀಸಲಿರಬೇಕು. ಮೆಂಟರ್ ಯಾರು ಎಂಬುದೂ ಅರ್ಜಿಯಲ್ಲೇ ಇರಬೇಕು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಅಲ್ಪಾವಧಿ ಸಂಶೋಧನಾ ಯೋಜನೆ (ಎಸ್‌ಟಿಎಸ್) ನಡೆಸಿಕೊಂಡು ಬಂದಿದೆ; ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಲ್ಲಿ ಆರಂಭಿಸಿದ ಇಂಡಿಯಾ ಅಲಯನ್ಸ್ ಸಂಶೋಧಕರಿಗೆ ಫೆಲೋಶಿಪ್‌ಗಳನ್ನು ಕೊಡುತ್ತಿದೆ. ಪಿಜಿಗಳಿಗೆ ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸ್ ಕಡ್ಡಾಯವಾಗಿದೆ, ಒಳ್ಳೆಯದೇ. ಆದರೆ ಗುಳೆಯ ಪ್ರಶ್ನೆಯನ್ನು ಕೋರ್ಸ್ ಕೇಳುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿ, ಮೂರೂ ಕಡೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ವಾರಕ್ಕೊಂದು ಮಧ್ಯಾಹ್ನ ಕಲಿಯುವವರಿಗೂ ಕಲಿಸುವವರಿಗೂ ಒಪಿಡಿಯಿಂದ ಬಿಡುವು ಎಂದು ಡ್ಯೂಟಿ ಪಟ್ಟಿಯಲ್ಲೇ ಬರೆದುಬಿಡಬೇಕು ಎಂಬುದು ನನ್ನ ಒತ್ತಾಯ. ಬಾಯಿಮಾತಿನ ಬಿಡುವು ಮೊದಲ ತುರ್ತು ಕೇಸಿಗೇ ಕರಗುತ್ತದೆ. ಸಂಖ್ಯಾಶಾಸ್ತ್ರಜ್ಞರು ಊರಲ್ಲಿ ಸಿಗದಿದ್ದರೆ ವಿಡಿಯೋ ಕರೆಯಲ್ಲಿ ಸಿಗುತ್ತಾರೆ.

[ದೃಶ್ಯ: ತಿದ್ದಿದ ನಮೂನೆ]

ಆ ವಿದ್ಯಾರ್ಥಿನಿ ಸಿನಾಪ್ಸಿಸ್ಸನ್ನು ನಾಲ್ಕನೇ ಸಲ ತಿದ್ದಿ ತಂದಿದ್ದಾರೆ. ನಮೂನೆಯಲ್ಲಿ ಈಗ ಫೋನ್ ನಂಬರಿಗೆ ಎರಡು ಖಾನೆಗಳಿವೆ: ಒಂದು ಗಂಡನ ಮನೆಯದು, ಇನ್ನೊಂದು ತವರಿನದು.