ಬೇಸಿಗೆ ಕಾಲಿಡುವಾಗ ಕೈತೋಟ ಏಕೆ ಮೈತುಂಬಿ ಅರಳುತ್ತದೆ?

[ದೃಶ್ಯ: ಮಾರ್ಚ್ ತಿಂಗಳ ಬೆಳಗು. ಕಾಂಪೌಂಡ್ ಗೋಡೆಯ ಮೇಲೆ ಬಾಗಿರುವ ಕಾಗದದ ಹೂವು. ಅದರ ಕೆಳಗೆ ಒಣಗಿದ ಹುಲ್ಲು.]

ವೀಕ್ಷಕರಿಗೆ ನಮಸ್ಕಾರ. ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುವ ದಿನಗಳಲ್ಲಿ ಬಯಲುಸೀಮೆಯ ಯಾವ ಊರಿನ ಬೀದಿಯಲ್ಲಿ ನಡೆದರೂ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಹುಲ್ಲು ಒಣಗಿರುತ್ತದೆ, ಮಳೆ ಬಿದ್ದು ತಿಂಗಳುಗಳೇ ಆಗಿರುತ್ತವೆ, ಆದರೂ ಗೋಡೆಯ ಮೇಲೆ ಕಾಗದದ ಹೂವು ಎಲೆಯೇ ಕಾಣದಷ್ಟು ತುಂಬಿಕೊಂಡಿರುತ್ತದೆ. ಸಂಜೆಯಾದರೆ ಮಲ್ಲಿಗೆಯ ಪರಿಮಳ ಹಿತ್ತಲಿನಿಂದ ಬೀದಿಯವರೆಗೂ ಬರುತ್ತದೆ. ನೀರಿಗೆ ಅಭಾವವಿರುವ ಈ ಕಾಲದಲ್ಲಿಯೇ ಇಷ್ಟೊಂದು ಗಿಡಗಳು ಸೊಗಸಾಗಿ ಕಾಣುವುದು ಹೇಗೆ, ಅದಕ್ಕಾಗಿ ನಾವು ಏನು ಮಾಡಬೇಕು ಮತ್ತು ಏನು ಮಾಡದೆ ಸುಮ್ಮನಿರಬೇಕು ಎಂಬುದನ್ನು ಈ ವಿಡಿಯೋದಲ್ಲಿ ನೋಡೋಣ.

ಇದರ ಕಾರಣವನ್ನು ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಚೆನ್ನಾಗಿ ಬಲ್ಲರು. ಮುಂಗಾರು, ಹಿಂಗಾರು ಮುಗಿದ ಮೇಲೆ ಕಾಫಿ ಗಿಡದ ಗೆಣ್ಣುಗಳಲ್ಲಿ ಮೊಗ್ಗು ಮೂಡುತ್ತದೆ. ಆದರೆ ಅದು ಕೂಡಲೇ ಅರಳದೆ, ಒಣಹವೆಯ ವಾರಗಳನ್ನು ಹಾಗೆಯೇ ನಿದ್ದೆಯಲ್ಲಿ ಕಳೆಯುತ್ತದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಒಂದರಿಂದ ಒಂದೂವರೆ ಇಂಚಿನಷ್ಟು ಹೂಮಳೆ ಬಿದ್ದರೆ, ಸುಮಾರು ಎಂಟು-ಹತ್ತು ದಿನಗಳಲ್ಲಿ ಇಡೀ ತೋಟ ಒಮ್ಮೆಗೇ ಬೆಳ್ಳಗಾಗುತ್ತದೆ. ನಡುವೆ ಸರಿಯಾದ ಒಣಗಾಲವಿಲ್ಲದೆ ಗಿಡಕ್ಕೆ ಆಗಾಗ ನೀರು ಸಿಗುತ್ತಲೇ ಇದ್ದರೆ ಹೂವು ಒಟ್ಟಿಗೆ ಬಾರದೆ ಚೂರುಚೂರಾಗಿ ಬರುತ್ತದೆ. ನಮ್ಮ ಕೈತೋಟದ ಅನೇಕ ಗಿಡಗಳ ಸ್ವಭಾವವೂ ಹೆಚ್ಚುಕಡಿಮೆ ಇದೇ. ಬೇರಿಗೆ ತೇವ ಕಡಿಮೆಯಾದಾಗ ಎಲೆ-ಬಳ್ಳಿಯ ಓಟ ನಿಧಾನವಾಗುತ್ತದೆ, ಗಿಡದ ಶಕ್ತಿ ಹೂವಿನ ಕಡೆಗೆ ತಿರುಗುತ್ತದೆ. ಆದ್ದರಿಂದ ಬೇಸಿಗೆಯ ಆರಂಭದ ಸೊಬಗಿಗೆ ತಯಾರಿ ನಡೆಯಬೇಕಾದದ್ದು ನವೆಂಬರ್‌ನಿಂದ ಜನವರಿಯವರೆಗೆ, ಅದರಲ್ಲಿಯೂ ಬಹುಪಾಲು ನೀರಿನ ಕೈಯನ್ನು ಹಿಡಿತದಲ್ಲಿಟ್ಟುಕೊಳ್ಳುವುದರಿಂದ.

[ದೃಶ್ಯ: ಕಾಗದದ ಹೂವಿನ ಒಂದು ಗೊಂಚಲು, ತೀರ ಹತ್ತಿರದಿಂದ.]

ಈ ಮಾತಿಗೆ ಕಾಗದದ ಹೂವು, ಅಂದರೆ ಬೋಗನ್‌ವಿಲ್ಲೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಒಂದು ಗೊಂಚಲನ್ನು ಕಿತ್ತು ಅಂಗೈಯಲ್ಲಿಟ್ಟು ನೋಡಿ. ನಾವು ಹೂವಿನ ಎಸಳೆಂದು ಕರೆಯುವ ಆ ಬಣ್ಣದ ಹಾಳೆಗಳು ಮೂರಿರುತ್ತವೆ, ಮತ್ತು ಅವುಗಳ ಮೇಲೆ ಎಲೆಗಿರುವಂತೆಯೇ ನಡುನರವೂ ಕವಲುನರಗಳೂ ಸ್ಪಷ್ಟವಾಗಿ ಕಾಣುತ್ತವೆ. ಏಕೆಂದರೆ ಅವು ಬಣ್ಣ ತಳೆದ ಎಲೆಗಳೇ. ನಿಜವಾದ ಹೂವು ಅವುಗಳ ಒಳಗಿದೆ. ಪ್ರತಿ ಹಾಳೆಯ ನಡುನರಕ್ಕೆ ಅಂಟಿಕೊಂಡು ಒಂದೊಂದು ಸಣ್ಣ ಕೊಳವೆ ನಿಂತಿರುತ್ತದೆ, ಅದರ ಬಾಯಿ ಅರಳಿದಾಗ ಕೆನೆಬಿಳುಪಿನ ಪುಟ್ಟ ನಕ್ಷತ್ರ ಕಾಣುತ್ತದೆ. ಆ ಕೊಳವೆ ಬಾಡಿದ ಮೇಲೂ ಬಣ್ಣದ ಹಾಳೆಗಳು ವಾರಗಟ್ಟಲೆ ಉಳಿಯುವುದರಿಂದಲೇ ಗಿಡ ಅಷ್ಟು ದಿನ ಹೂವು ಹೊತ್ತಂತೆ ತೋರುತ್ತದೆ. ಮೂಲತಃ ಇದು ದಕ್ಷಿಣ ಅಮೆರಿಕದ ಗಿಡ. 1766ರಲ್ಲಿ ಫ್ರಾನ್ಸಿನಿಂದ ಭೂಪ್ರದಕ್ಷಿಣೆಗೆ ಹೊರಟ ಲೂಯಿ ಆಂಟ್ವಾನ್ ದ ಬೋಗನ್‌ವಿಲ್ ಅವರ ನೌಕಾಯಾನದಲ್ಲಿದ್ದ ಸಸ್ಯತಜ್ಞ ಫಿಲಿಬೆರ್ ಕಾಮರ್ಸನ್ ಇದನ್ನು ಬ್ರೆಜಿಲಿನಲ್ಲಿ ಕಂಡರು, ಮತ್ತು ಆ ನಾಯಕನ ಹೆಸರೇ ಗಿಡಕ್ಕೆ ನಿಂತಿತು.

ನಮ್ಮ ಗಿಡದಲ್ಲಿ ಹೂವೇ ಇಲ್ಲ, ಬರೀ ಎಲೆ ಎಂದು ಬಹಳ ಜನ ಹೇಳುತ್ತಾರೆ. ಅಂಥ ಮನೆಗಳಲ್ಲಿ ಸಾಮಾನ್ಯವಾಗಿ ದಿನವೂ ನೀರು, ಧಾರಾಳವಾಗಿ ಗೊಬ್ಬರ, ಮತ್ತು ಅರೆನೆರಳು, ಈ ಮೂರೂ ಒಟ್ಟಿಗೆ ಇರುತ್ತವೆ. ಬೋಗನ್‌ವಿಲ್ಲೆಗೆ ದಿನಕ್ಕೆ ಕನಿಷ್ಠ ಐದಾರು ಗಂಟೆಗಳ ನೇರ ಬಿಸಿಲು ಬೇಕು. ಕುಂಡದ ಮೇಲ್ಮಣ್ಣಿಗೆ ಬೆರಳು ಚುಚ್ಚಿದಾಗ ಒಂದೆರಡು ಇಂಚು ಒಣಗಿದ್ದರೆ ಮಾತ್ರ ನೀರು ಹಾಕಬೇಕು, ಹಾಕಿದಾಗ ತಳದ ತೂತಿನಿಂದ ಹರಿಯುವಷ್ಟು ಹಾಕಬೇಕು. ಯೂರಿಯಾದಂತಹ ಸಾರಜನಕದ ಗೊಬ್ಬರ ಹೆಚ್ಚಾದರೆ ಮುಳ್ಳು ಹೊತ್ತ ಉದ್ದನೆಯ ಬಳ್ಳಿಗಳು ನುಗ್ಗುತ್ತವೆ, ಹೂವು ಹಿಂದೆ ಬೀಳುತ್ತದೆ. ಹೂವು ಬರುವುದು ಹೊಸ ಚಿಗುರಿನಲ್ಲಿ. ಹಾಗಾಗಿ ಒಂದು ಸುತ್ತು ಮುಗಿದ ಕೂಡಲೇ ತುದಿಗಳನ್ನು ಕತ್ತರಿಸಿದರೆ ಮುಂದಿನ ಸುತ್ತು ಬೇಗ ಬರುತ್ತದೆ. ನರ್ಸರಿಯಿಂದ ಹೂವಿದ್ದ ಗಿಡವನ್ನೇ ತಂದಿದ್ದರೆ, ಅದನ್ನು ದೊಡ್ಡ ಕುಂಡಕ್ಕೆ ಬದಲಿಸುವಾಗ ಬೇರಿನ ಮಣ್ಣುಗಡ್ಡೆ ಒಡೆಯದಂತೆ ನೋಡಿಕೊಳ್ಳಿ. ಬೇರು ಅಲುಗಿದರೆ ಈ ಗಿಡ ಸಹಿಸುವುದಿಲ್ಲ.

[ದೃಶ್ಯ: ಸವರಿದ ಮಲ್ಲಿಗೆ ಗಿಡ, ಗೆಣ್ಣಿನಲ್ಲಿ ಇಣುಕುವ ಚಿಗುರು.]

ಇನ್ನು ಮಲ್ಲಿಗೆ. ಮೈಸೂರು, ಉಡುಪಿ, ಹಡಗಲಿ, ಈ ಮೂರೂ ಊರುಗಳ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ (ಜಿಐ), ಅಂದರೆ ಆಯಾ ಊರಿನದೇ ವಿಶಿಷ್ಟ ಬೆಳೆಯೆಂಬ ಮಾನ್ಯತೆ ಸಿಕ್ಕಿರುವ ನಾಡು ನಮ್ಮದು. ಉಡುಪಿ ಜಿಲ್ಲೆಯ ಶಂಕರಪುರದಲ್ಲಿ ಹೂವನ್ನು ತೂಕದಿಂದ ಅಳೆಯದೆ ಎಣಿಕೆಯಿಂದ ಅಳೆಯುತ್ತಾರೆ: 800 ಹೂವುಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮನೆಯ ಹಿತ್ತಲಿನ ದುಂಡುಮಲ್ಲಿಗೆಯಿಂದ ಅಷ್ಟನ್ನು ನಿರೀಕ್ಷಿಸಲಾಗದು, ಆದರೆ ಬೆಳೆಗಾರರ ಕ್ರಮವನ್ನು ನಾವೂ ಅನುಸರಿಸಬಹುದು. ನವೆಂಬರ್ ಕೊನೆಯ ವಾರದ ಹೊತ್ತಿಗೆ ಕೆಲವು ದಿನ ನೀರು ನಿಲ್ಲಿಸಿ, ಎಲೆ ಸ್ವಲ್ಪ ಹಳದಿಯಾದ ಮೇಲೆ ಗಿಡವನ್ನು ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಸವರಬೇಕು. ಒಣಕಡ್ಡಿ, ರೋಗ ಹಿಡಿದ ಕಡ್ಡಿ, ಒಂದರ ಮೇಲೊಂದು ತಾಗುವ ಕಡ್ಡಿಗಳನ್ನು ಬುಡದಿಂದಲೇ ತೆಗೆಯಬೇಕು. ಬುಡ ಬಿಡಿಸಿ, ಕೊಳೆತ ಕೊಟ್ಟಿಗೆ ಗೊಬ್ಬರ ಕೊಟ್ಟು ಮತ್ತೆ ನೀರು ಹಾಯಿಸಿದಾಗ ಪ್ರತಿ ಗೆಣ್ಣಿನಿಂದ ಚಿಗುರು ಜೋಡಿಯಾಗಿ ಹೊರಡುತ್ತದೆ, ಮಾರ್ಚ್ ವೇಳೆಗೆ ಆ ಚಿಗುರುಗಳ ತುದಿಯಲ್ಲಿಯೇ ಮೊಗ್ಗು ನಿಲ್ಲುತ್ತದೆ. ಸವರುವ ಕೆಲಸ ಗಿಡವನ್ನು ಪ್ರೀತಿಸುವವರಿಗೆ ಕಠಿಣವೆನಿಸುತ್ತದೆ, ನಿಜ. ಆದರೆ ಸವರದ ಗಿಡ ಎರಡು-ಮೂರು ವರ್ಷಗಳಲ್ಲಿ ಕಡ್ಡಿಯ ಪೊದೆಯಾಗಿ, ಹೂವು ತುದಿಯಲ್ಲಿ ಎಲ್ಲೋ ನಾಲ್ಕು ಬಿಡುತ್ತದೆ. ಮೊಗ್ಗು ನಿಂತ ಮೇಲೆ ಮಾತ್ರ ಮಲ್ಲಿಗೆಗೆ ನೀರಿನ ಕೊರತೆಯಾಗಬಾರದು, ಕೊರತೆಯಾದರೆ ಮೊಗ್ಗು ಸೊರಗುತ್ತದೆ. ಈ ವಿಷಯದಲ್ಲಿ ಅದು ಬೋಗನ್‌ವಿಲ್ಲೆಗಿಂತ ಬೇರೆ.

ದೇವಕಣಗಿಲೆ ಇನ್ನೊಂದು ಬಗೆಯ ಜಾಣ. ಚಳಿಗಾಲದಲ್ಲಿ ಎಲೆಯನ್ನೆಲ್ಲ ಉದುರಿಸಿ ಬೋಳಾಗುವ ಈ ಗಿಡ ಸತ್ತಿದೆಯೆಂದು ಕೆಲವರು ಕಡಿದುಹಾಕುವುದೂ ಉಂಟು. ಅದರ ದಪ್ಪ ಕೊಂಬೆಗಳಲ್ಲಿ ನೀರು ಸಂಗ್ರಹವಾಗಿರುತ್ತದೆ, ಆ ಬಲದಿಂದಲೇ ಎಲೆ ಬರುವ ಮೊದಲೇ ತುದಿಯಲ್ಲಿ ಗೊಂಚಲು ಹೂವು ಬಿಡುತ್ತದೆ. ಎಲೆಯಿಲ್ಲದಾಗ ಬುಡದಲ್ಲಿ ನೀರು ನಿಂತರೆ ಕೊಂಬೆ ಕೊಳೆಯುತ್ತದೆ.

ದೊಡ್ಡ ಮರಗಳ ಮಾತು ಬಂದರೆ ಬೆಂಗಳೂರಿನವರು ಜಿ. ಎಚ್. ಕ್ರುಂಬಿಗಲ್ ಅವರನ್ನು ನೆನೆಯಲೇಬೇಕು. 1908ರಲ್ಲಿ ಲಾಲ್‌ಬಾಗಿಗೆ ಬಂದ ಈ ಜರ್ಮನ್ ತೋಟಗಾರಿಕಾ ತಜ್ಞರು, ಒಂದು ಜಾತಿಯ ಹೂವು ಮುಗಿಯುವಾಗ ಇನ್ನೊಂದು ಆರಂಭವಾಗುವಂತೆ ರಸ್ತೆಗಳಿಗೆ ಮರಗಳನ್ನು ಆರಿಸಿದರು. ಕೈತೋಟದಲ್ಲಿಯೂ ಅದೇ ಲೆಕ್ಕ ಹಾಕಬಹುದು. ಮಾರ್ಚ್‌ಗೆ ಬೋಗನ್‌ವಿಲ್ಲೆ ಮತ್ತು ಮಲ್ಲಿಗೆ, ಏಪ್ರಿಲ್‌ಗೆ ದೇವಕಣಗಿಲೆ, ಜಾಗವಿದ್ದವರಿಗೆ ಕಕ್ಕೆ ಮರ, ಮುಂಗಾರು ಪೂರ್ವದ ಮಳೆ ಬಿದ್ದೊಡನೆ ನೆಲದಿಂದ ಕೆಂಪು ಚೆಂಡಾಗಿ ಏಳುವ ಮೇ ಹೂವಿನ ಗೆಡ್ಡೆ. ಗುಲಾಬಿಯನ್ನು ನಾನು ಈ ಸಾಲಿಗೆ ಸೇರಿಸುವುದಿಲ್ಲ. ಬಿಸಿಲು ಏರಿದಂತೆ ಅದರ ಹೂವು ಸಣ್ಣದಾಗುತ್ತದೆ, ಎಸಳಿನ ಅಂಚು ಸುಡುತ್ತದೆ.

[ದೃಶ್ಯ: ತಾರಸಿಯ ಕುಂಡಗಳು, ಬುಡದಲ್ಲಿ ಒಣ ಎಲೆಯ ಹೊದಿಕೆ.]

ತಾರಸಿಯಲ್ಲಿ ಗಿಡ ಬೆಳೆಸುವವರು ಒಂದು ವಿಷಯ ಗಮನಿಸಬೇಕು. ಕಾದ ಸಿಮೆಂಟಿನ ಮೇಲೆ ನೇರವಾಗಿ ಕೂತ ಕುಂಡದಲ್ಲಿ ಬೇರು ಬೇಯುತ್ತದೆ, ಎರಡು ಇಟ್ಟಿಗೆಗಳ ಮೇಲೆ ಎತ್ತಿಟ್ಟರೆ ಅಡಿಯಲ್ಲಿ ಗಾಳಿ ಆಡುತ್ತದೆ. ಬುಡಕ್ಕೆ ಒಣ ಎಲೆಯನ್ನೋ ತೆಂಗಿನ ನಾರನ್ನೋ ಎರಡು ಇಂಚು ಹೊದಿಸಿ. ನೀರನ್ನು ಬೆಳಗ್ಗೆ ಬಿಸಿಲೇರುವ ಮೊದಲೇ ಹಾಕಿ. ಪೈಪಿನಲ್ಲಿ ನಿಂತು ಕಾದ ನೀರನ್ನು ಮೊದಲು ಹೊರಗೆ ಬಿಡಿ. ದಾಸವಾಳದ ತುದಿಗಳಲ್ಲಿ ಬಿಳಿಯ ಹಿಟ್ಟಿನಂಥ ತಿಗಣೆ ಕಂಡರೆ ಆ ತುದಿಯನ್ನು ಕತ್ತರಿಸಿ ತೆಗೆದು, ಉಳಿದ ಗಿಡಕ್ಕೆ ಸಾಬೂನು ನೀರಿನಲ್ಲಿ ಕಲಸಿದ ಬೇವಿನೆಣ್ಣೆಯನ್ನು ಸಂಜೆ ಸಿಂಪಡಿಸಿ.

ಮೇ ಕೊನೆಯ ಮಳೆಗಳು ಆರಂಭವಾದಾಗ ಕಡ್ಡಿ ನೆಡಲು ಹದ ಬರುತ್ತದೆ. ಬೋಗನ್‌ವಿಲ್ಲೆಗೆ ಪೆನ್ಸಿಲ್ ದಪ್ಪದ ಬಲಿತ ಕಡ್ಡಿ ಸಾಕು. ದೇವಕಣಗಿಲೆಯ ಕೊಂಬೆಯನ್ನು ಮಾತ್ರ ಕಡಿದ ಕೂಡಲೇ ನೆಡದೆ, ಸುರಿಯುವ ಹಾಲು ಒಣಗಿ ಗಾಯ ಗಟ್ಟಿಯಾಗುವವರೆಗೆ ಒಂದು ವಾರ ನೆರಳಿನಲ್ಲಿಟ್ಟು, ಆಮೇಲೆ ಮರಳು ಬೆರೆಸಿದ ಮಣ್ಣಿಗೆ ನಾಲ್ಕು ಇಂಚು ಆಳಕ್ಕೆ ಇಳಿಸಿ.