ಎತ್ತರದ ಹುಲ್ಲು ಒಣಗೋದಿಲ್ಲ

ಕೇಳುಗರಿಗೆಲ್ಲ ನಮಸ್ಕಾರ. ಶಿರಸಿ, ಸಿದ್ದಾಪುರ ಕಡೆ ದನ ಕಟ್ಟಿದವರು ಸಿಕ್ಕಿದ್ರೆ ಕೇಳೋದು ಒಂದೇ, ಯಾವ ಜಾತಿ ಹುಲ್ಲು ಜಾಸ್ತಿ ಎತ್ತರ ಬರ್ತದೆ ಅಂತ. ನಾನು ತಿರುಗಿ ಕೇಳೋದು, ಹಸಿ ಕೊಯ್ದು ಹಾಕ್ತೀರೋ, ಒಣಗಿಸಿ ಅಟ್ಟಕ್ಕೆ ಏರಿಸ್ತೀರೋ, ಇಲ್ಲಾ ದನ ಬಿಟ್ಟೇ ಮೇಯಿಸ್ತೀರೋ ಅಂತ.

ಹಸಿ ಮೇವಿಗಾದ್ರೆ ಹೈಬ್ರಿಡ್ ನೇಪಿಯರ್ ಹುಲ್ಲು ಸರಿ, ಅದರ ತಳಿಗಳಲ್ಲಿ ಸಿಓ-3, ಸಿಓ-4, ಧಾರವಾಡದ ಮೇವು ಸಂಶೋಧನಾ ಕೇಂದ್ರದಿಂದ ಬಂದ ಡಿಎಚ್ಎನ್-6, ಯಾವ್ದಾದ್ರೂ ಆಗ್ತದೆ. ಇದು ಸಜ್ಜೆಗೂ ಆನೆಹುಲ್ಲಿಗೂ ಕ್ರಾಸ್ ಮಾಡಿದ್ದು, ಬೀಜ ಕಟ್ಟೋದಿಲ್ಲ, ಎರಡು ಗಿಣ್ಣಿನ ತುಂಡು ಊರ್ಬೇಕು. ಎರಡೂವರೆ ತಿಂಗಳಿಗೆ ಮೊದಲ ಕಟಾವು, ಆಮೇಲೆ 40-45 ದಿನಕ್ಕೊಂದು. ನೀರು ನಿಲ್ಲೋ ಜಾಗ ಮಾತ್ರ ಬೇಡ, ನಮ್ಮ ಆಷಾಢದ ಮಳೆಗೆ ಬುಡ ಕೊಳೆತು ಹೋಗ್ತದೆ. ಅಂಥ ತಗ್ಗಿನ ಗದ್ದೆಗೆ ಪ್ಯಾರಾ ಹುಲ್ಲು ಇದೆ, ಆದ್ರೆ ಅದು ಬಳ್ಳಿ ಹಬ್ಬಿದ ಹಾಗೆ ಹಬ್ಬಿ ಪಕ್ಕದ ಭತ್ತಕ್ಕೆ ನುಗ್ತದೆ, ಪಕ್ಕದ ಗದ್ದೆಯವರ ಹತ್ರ ಬೈಸ್ಕೊಳ್ಳೋ ತಯಾರಿ ಇದ್ರೆ ಹಾಕಿ.

ಎಡವೋದು ಒಣಗಿಸೋ ವಿಷಯದಲ್ಲಿ. ನೇಪಿಯರ್ ದಂಟು ದಪ್ಪ, ಬಿಸಿಲಿಗೆ ಹರಡಿದ್ರೆ ಎಲೆ ಗರಿಗರಿ ಆಗಿ ಉದುರ್ತದೆ, ದಂಟಿನೊಳಗೆ ಮಾತ್ರ ನೀರು ಹಾಗೇ ಇರ್ತದೆ, ಅದನ್ನ ಒಟ್ಟಿಟ್ರೆ ಒಳಗೆ ಬಿಸಿ ಹುಟ್ಟಿ ಬೂಷ್ಟು ಹಿಡೀತದೆ. ಒಣಮೇವು ಬೇಕಂದ್ರೆ ಸಣ್ಣ ಕಡ್ಡಿಯದೇ ಆಗ್ಬೇಕು, ಬಯಲಲ್ಲಿ ರೋಡ್ಸ್ ಹುಲ್ಲು, ತೆಂಗಿನ ತೋಟದ ಅರೆನೆರಳಲ್ಲಿ ಗಿನಿ ಹುಲ್ಲು. ಹೂ ಬಿಡೋಕೆ ಶುರು ಆಗೋ ಹೊತ್ತಿಗೇ ಕೊಯ್ಯಿ. ನಾವು ಬೆಟ್ಟದ ಕರಡ, ಅಂದ್ರೆ ತಾನಾಗೇ ಬೆಳೆದ ಹುಲ್ಲು, ಕೊಯ್ಯೋದು ಬೀಜ ಬಲಿತ ಮೇಲೆ, ಹೊಟ್ಟೆ ತುಂಬ್ತದೆ ಅಷ್ಟೇ, ಹಾಲಿಗೆ ಏನೂ ಇಲ್ಲ. ಮಳೆ ಪೂರ್ತಿ ನಿಂತ ಮೇಲೇ ಕೊಯ್ದು ದಿನಕ್ಕೆರಡು ಸಲ ಮಗುಚಿ ಹಾಕಿ. ನಾಲ್ಕು ಕಡ್ಡಿ ಹಿಡಿದು ತಿರುಚಿ ನೋಡಿ, ರಸ ಬಂದ್ರೆ, ಗಿಣ್ಣು ಉಗುರಿಗೆ ಮೆತ್ತಗಾದ್ರೆ ಇನ್ನೊಂದು ಬಿಸಿಲು ಬೇಕು. ತೇವ ನೂರಕ್ಕೆ 15ರ ಹತ್ರ ಬಂದ ಮೇಲೇ ಅಟ್ಟಕ್ಕೆ.

ದನ ಬಿಟ್ಟು ಮೇಯಿಸೋರಿಗೆ ಕಾಂಗೋ ಸಿಗ್ನಲ್ ಹುಲ್ಲು, ನೆಲಕ್ಕೆ ಹರಡ್ತದೆ, ತುಳಿದ್ರೂ ಚಿಗುರ್ತದೆ. ಜೊತೆಗೆ ಒಂದಿಷ್ಟು ಸ್ಟೈಲೋ ಬಿತ್ತಿ, ಅದು ದ್ವಿದಳ ಜಾತಿಯ ಮೇವಿನ ಗಿಡ, ನಮ್ಮ ಹುಳಿ ಮಣ್ಣಲ್ಲೂ ಬರ್ತದೆ.

ಇನ್ನೊಂದು, ಎಳೆ ನೇಪಿಯರಲ್ಲಿ ಆಕ್ಸಲೇಟ್ ಅನ್ನೋ ರಾಸಾಯನಿಕ ಜಾಸ್ತಿ, ಅದು ದನಕ್ಕೆ ಸುಣ್ಣದಂಶ ದಕ್ಕದ ಹಾಗೆ ಮಾಡ್ತದೆ, ನೇಪಿಯರ್ ಒಂದನ್ನೇ ಹಾಕ್ಬೇಡಿ, ಒಣಹುಲ್ಲು ಬೆರೆಸಿ. ಮಲೆನಾಡು ಗಿಡ್ಡ ತಳಿಯ ಸಣ್ಣ ದನ ಕಟ್ಟಿದವರಂತೂ ನೇಪಿಯರ್ ಕತ್ತರಿಸಿಯೇ ಹಾಕಿ, ಇಲ್ದಿದ್ರೆ ದಂಟೆಲ್ಲ ಗೋದಲಿಯಲ್ಲೇ ಉಳೀತದೆ.